‘ಮ್ಯಾಲಿಂದ ಹೋಗೇತ್ರಿ’ ಅಂದ್ರೆ ಎಲ್ಲಿಂದ? ಕೇಬಲ್ ಟಿವಿ ಕೈಕೊಟ್ಟಾಗ ಯಾರನ್ನು ಕೇಳಬೇಕು

ಸಂಜೆ ಏಳೂವರೆ. ಅತ್ತೆಯವರು ಕನ್ನಡಕ ಒರೆಸಿಕೊಂಡು ಧಾರಾವಾಹಿಗೆ ಕೂತಿದ್ದರು. ನಾಯಕಿ ಏನೋ ಮುಖ್ಯವಾದದ್ದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಆಮೇಲೆ ನೀಲಿ ಪರದೆ, ‘ನೋ ಸಿಗ್ನಲ್’.

ಕೇಬಲ್ ಹುಡುಗನಿಗೆ ಫೋನ್ ಹಚ್ಚಿದೆ. “ಮ್ಯಾಲಿಂದ ಹೋಗೇತ್ರಿ ಅಕ್ಕಾರ, ಇನ್ನ ಅರ್ಧಾ ತಾಸಿನ್ಯಾಗ ಬರ್ತೈತಿ” ಅಂದ. ಅರ್ಧ ತಾಸು ಹೋಗಿ ಎರಡು ತಾಸಾಯಿತು. ಮರುದಿನ ಬೆಳಿಗ್ಗೆ ಬಾಕ್ಸ್ ಮೇಲಿದ್ದ ಕಂಪನಿ ನಂಬರಿಗೆ ಮಾಡಿದೆ. ಸುಮಾರು ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. “ಮೇಡಂ, ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಕನೆಕ್ಷನ್ ಆ್ಯಕ್ಟಿವ್ ಇದೆ. ನಿಮ್ಮ ಲೋಕಲ್ ಆಪರೇಟರ್ ಹತ್ತಿರ ಮಾತಾಡಿ.”

ಹುಡುಗ ಮೇಲಕ್ಕೆ ಕೈ ತೋರಿಸುತ್ತಾನೆ, ಮೇಲಿನವರು ಹುಡುಗನ ಕಡೆ ಕೈ ತೋರಿಸುತ್ತಾರೆ. ತಿಂಗಳ ಬಿಲ್ ಏರಿದಾಗಲೂ ಇದೇ ಕತೆ. ಅದರಲ್ಲೂ 2024ರಲ್ಲಿ ಬಿಲ್‌ನ ಒಂದು ಭಾಗಕ್ಕಿದ್ದ ಮಿತಿಯನ್ನು ತೆಗೆದ ಮೇಲೆ, ಈ ‘ಮ್ಯಾಲೆ’ ಅಂದರೆ ಎಲ್ಲಿ, ಅಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಿರೋದು ಒಳ್ಳೇದು.

ಮಲಪ್ರಭೆಯ ನೀರು, ಓಣಿಯ ವಾಲ್‌ಮನ್

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮಲಪ್ರಭೆಯ ನೀರು ಸವದತ್ತಿಯ ರೇಣುಕಾ ಸಾಗರದಲ್ಲಿ ನಿಂತಿರುತ್ತದೆ. ಅಮ್ಮಿನಭಾವಿಯಲ್ಲಿ ಶುದ್ಧವಾಗಿ, ದೊಡ್ಡ ಪೈಪಿನಲ್ಲಿ ಬಂದು, ಊರ ಟ್ಯಾಂಕಿಗೆ ಏರಿ, ಕೊನೆಗೆ ಓಣಿಯ ವಾಲ್ವ್ ತಿರುಗಿಸಿದಾಗ ನಮ್ಮ ನಳಕ್ಕೆ ಇಳಿಯುತ್ತದೆ. ನೀರು ಬರದ ದಿನ ನಾವು ಜಗಳ ತೆಗೆಯೋದು ವಾಲ್‌ಮನ್ ಜೊತೆ. ಯಾಕಂದರೆ ಕೈಗೆ ಸಿಗುವವನು ಅವನೊಬ್ಬನೇ.

ಕೇಬಲ್ ದಾರಿಯಲ್ಲೂ ಮೂರು ಜನ ಇದ್ದಾರೆ. ಎಲ್ಲಕ್ಕಿಂತ ಮೇಲೆ ಚಾನೆಲ್ ನಡೆಸುವ ಪ್ರಸಾರ ಸಂಸ್ಥೆ, ಅಂದರೆ ಬ್ರಾಡ್‌ಕಾಸ್ಟರ್. ಇವರು ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸುತ್ತಾರೆ. ಇದು ನಮ್ಮ ಅಣೆಕಟ್ಟು.

ನಡುವೆ ಇರುವವರು ಎಂಎಸ್‌ಒ, ಬಿಡಿಸಿ ಹೇಳಿದರೆ ಮಲ್ಟಿ ಸಿಸ್ಟಮ್ ಆಪರೇಟರ್. ನಿಮ್ಮ ಬಾಕ್ಸ್ ಮೇಲೆ ಹೆಸರಿರೋದು ಇವರದೇ. ಇವರ ಹತ್ತಿರ ‘ಹೆಡ್‌ಎಂಡ್’ ಎಂಬ ಕೇಂದ್ರ ಇರುತ್ತದೆ. ಅಲ್ಲಿ ದೊಡ್ಡ ದೊಡ್ಡ ಡಿಶ್‌ಗಳು ಉಪಗ್ರಹದಿಂದ ಚಾನೆಲ್‌ಗಳನ್ನು ಹಿಡಿಯುತ್ತವೆ. ಎಲ್ಲವನ್ನೂ ಒಟ್ಟು ಮಾಡಿ, ಬೀಗ ಹಾಕಿ, ಫೈಬರ್ ಲೈನಿನಲ್ಲಿ ಊರೂರಿಗೆ ಬಿಡುತ್ತಾರೆ. ಅಮ್ಮಿನಭಾವಿ ಇದ್ದ ಹಾಗೆ.

ಕೊನೆಯಲ್ಲಿ ಎಲ್‌ಸಿಒ, ಲೋಕಲ್ ಕೇಬಲ್ ಆಪರೇಟರ್. ನಿಮ್ಮ ಓಣಿಯ ‘ಕೇಬಲ್‌ನಾವ’. ಕಂಬದಿಂದ ಕಂಬಕ್ಕೆ ವೈರ್ ಎಳೆದವನು, ತಿಂಗಳಿಗೊಮ್ಮೆ ರೊಕ್ಕ ಕೇಳಲು ಬರುವವನು.

ಹೋಲಿಕೆ ಇಲ್ಲಿ ಸ್ವಲ್ಪ ಮುರಿಯುತ್ತದೆ. ವಾಲ್‌ಮನ್ ನೀರಿನ ವ್ಯವಸ್ಥೆಯಲ್ಲಿ ಕೆಲಸಕ್ಕಿರುವವನು. ಕೇಬಲ್‌ನವನು ಆ ದೊಡ್ಡ ಕಂಪನಿಯ ನೌಕರ ಅಲ್ಲ. ಅವನದು ಸ್ವಂತ ವ್ಯಾಪಾರ, ಅವನ ಹೆಸರಲ್ಲೇ ಬೇರೆ ನೋಂದಣಿ ಇರಬೇಕು. ಮೊದಲು ಅದನ್ನು ಹೆಡ್ ಪೋಸ್ಟ್ ಆಫೀಸಿನಲ್ಲಿ ಮಾಡಿಸಬೇಕಿತ್ತು, 2025ರ ಜನವರಿಯಿಂದ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಆಗುತ್ತದೆ. ಓಣಿಯ ವೈರ್ ಅವನದು, ಬೀಗ ಕಂಪನಿಯದು, ಧಾರಾವಾಹಿ ಮೂರನೆಯವರದು. ನಮ್ಮ ತಲೆನೋವಿನ ಮೂಲ ಇಲ್ಲೇ ಇದೆ.

ಬಾಕ್ಸ್ ಬಂದದ್ದು ಯಾಕೆ

ಮೊದಲೆಲ್ಲ ವೈರನ್ನು ನೇರ ಟಿವಿಗೆ ಚುಚ್ಚುತ್ತಿದ್ದೆವು. ಚಿತ್ರದ ಮೇಲೆ ಇರುವೆ ಓಡಿದಂತೆ ಕಂಡರೂ ಮಾತು ಕೇಳುತ್ತಿತ್ತು, ನಡೆಯುತ್ತಿತ್ತು. ಆಗ ಒಬ್ಬ ಆಪರೇಟರ್ ಹತ್ತಿರ ಎಷ್ಟು ಮನೆ ಇವೆ ಅನ್ನೋದನ್ನು ಮೇಲಿನವರು ಎಣಿಸಲು ದಾರಿಯೇ ಇರಲಿಲ್ಲ. ಅವನು ಹೇಳಿದ್ದೇ ಲೆಕ್ಕ. ಚಾನೆಲ್‌ನವರಿಗೆ ದುಡ್ಡು ಸರಿಯಾಗಿ ಸೇರುತ್ತಿಲ್ಲ ಎಂಬ ದೂರು ಇತ್ತು.

ಕೇಬಲ್ ಟಿವಿಗೆ 1995ರಿಂದ ಒಂದು ಕಾಯ್ದೆ ಇದೆ. ಅದಕ್ಕೆ 2011ರಲ್ಲಿ ತಿದ್ದುಪಡಿ ತಂದು, ಮನೆಗೊಂದು ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಮಾಡಿದರು. ನಾಲ್ಕು ಹಂತದಲ್ಲಿ ಜಾರಿ. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಂಥ ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್. ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್ ತನಕ ಸಮಯ ಸಿಕ್ಕಿತು.

ಈಗ ಪ್ರತಿ ಚಾನೆಲ್ಲೂ ಬೀಗ ಹಾಕಿಕೊಂಡೇ ನಮ್ಮ ಮನೆಗೆ ಬರುತ್ತದೆ. ನೀವು ಯಾವ ಚಾನೆಲ್‌ಗೆ ದುಡ್ಡು ಕಟ್ಟಿದ್ದೀರೋ ಅದರ ಕೀಲಿಯನ್ನು ಕಂಪನಿಯ ಕಂಪ್ಯೂಟರ್ ಅದೇ ವೈರಿನಲ್ಲಿ ನಿಮ್ಮ ಬಾಕ್ಸ್‌ಗೆ ಕಳಿಸುತ್ತದೆ. ಕಳಿಸುವ ವಿಳಾಸ ನಿಮ್ಮ ಹೆಸರಲ್ಲ, ಬಾಕ್ಸ್ ನಂಬರ್. ಇದೊಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಲ್ ಒಡೆದು ನೋಡೋಣ

ಜನತಾ ಬಜಾರ್‌ನಿಂದ ಕಾಯಿಪಲ್ಲೆ ತಂದರೆ ಆಟೋ ಬಾಡಿಗೆ ಬೇರೆ, ಕಾಯಿಪಲ್ಲೆ ರೊಕ್ಕ ಬೇರೆ, ಅಲ್ವಾ? ಕೇಬಲ್ ಬಿಲ್ ಕೂಡ 2019ರ ಫೆಬ್ರುವರಿಯಿಂದ ಹೀಗೇ ಎರಡು ಪಾಲಾಗಿದೆ. ಟಿವಿ ದರಕ್ಕೆ ನಿಯಮ ಮಾಡುವ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ತಂದ ಪದ್ಧತಿ ಇದು.

ಆಟೋ ಬಾಡಿಗೆಯ ಜಾಗದಲ್ಲಿ ಇರೋದು ಎನ್‌ಸಿಎಫ್, ನೆಟ್‌ವರ್ಕ್ ಕೆಪ್ಯಾಸಿಟಿ ಫೀ. ಚಾನೆಲ್‌ಗಳನ್ನು ನಿಮ್ಮ ಮನೆ ತನಕ ಹೊತ್ತು ತಂದದ್ದಕ್ಕೆ ಕೊಡುವ ದುಡ್ಡು. “ಬರೀ ಫ್ರೀ ಚಾನೆಲ್ ನೋಡ್ತೀವಿ, ಆದ್ರೂ ಯಾಕ್ರೀ ಬಿಲ್?” ಅಂತ ಬಹಳ ಜನ ಕೇಳುತ್ತಾರೆ. ಕಾಯಿಪಲ್ಲೆ ಪುಕ್ಕಟೆ ಸಿಕ್ಕರೂ ಆಟೋದವನು ಬಾಡಿಗೆ ಬಿಡೋದಿಲ್ಲ. 2019ರಲ್ಲಿ ಇದಕ್ಕೆ ಮಿತಿ ಇತ್ತು: 100 ಚಾನೆಲ್‌ಗೆ 130 ರೂ., ಮೇಲೆ ಶೇ 18ರ ಜಿಎಸ್‌ಟಿ. ಎರಡೂ ಸೇರಿ 153 ರೂ. 40 ಪೈಸೆ. 2020ರ ತಿದ್ದುಪಡಿಯಲ್ಲಿ ಅದೇ 130ಕ್ಕೆ 200 ಚಾನೆಲ್ ಅಂದರು, ಅದಕ್ಕಿಂತ ಜಾಸ್ತಿ ಚಾನೆಲ್‌ಗೆ 160ರ ಮಿತಿ ಇಟ್ಟರು. 2024ರ ಜುಲೈನಲ್ಲಿ ಮಿತಿಯನ್ನೇ ತೆಗೆದರು. ಈಗ ಎನ್‌ಸಿಎಫ್ ಎಷ್ಟು ಅನ್ನೋದನ್ನು ಕಂಪನಿಯೇ ಠರಾಯಿಸುತ್ತದೆ. ಹಾಗಾಗಿ “130ಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ” ಅಂತ ಇವತ್ತು ವಾದ ಮಾಡಿದರೆ ಗೆಲ್ಲೋದಿಲ್ಲ. ಬಿಲ್‌ನಲ್ಲಿ ಅದನ್ನು ಬೇರೆ ತೋರಿಸಿ ಅಂತ ಮಾತ್ರ ಧಾರಾಳವಾಗಿ ಕೇಳಬಹುದು.

ಇನ್ನು ಕಾಯಿಪಲ್ಲೆ ರೊಕ್ಕ. ದುಡ್ಡಿನ ಚಾನೆಲ್‌ಗೆ ದರ ಇಡುವವರು ಪ್ರಸಾರ ಸಂಸ್ಥೆಯವರು. ಬಿಡಿಯಾಗಿ ಕೊಳ್ಳಬಹುದು, ಇಲ್ಲವೇ ಪ್ಯಾಕ್‌ನಲ್ಲಿ. ಪ್ಯಾಕ್‌ಗೆ ಸೇರುವ ಚಾನೆಲ್‌ನ ಬಿಡಿ ದರ 19 ರೂ. ದಾಟುವ ಹಾಗಿಲ್ಲ. ಪ್ಯಾಕ್‌ನಲ್ಲಿ ಕೊಡುವ ರಿಯಾಯಿತಿ ಬಿಡಿ ದರಗಳ ಮೊತ್ತದ ಶೇ 45ಕ್ಕಿಂತ ಹೆಚ್ಚಾಗಬಾರದು. ಈ ನಿಯಮದ ಆಟ ನೋಡಿ. ತಲಾ 19 ರೂಪಾಯಿಯ ನಾಲ್ಕು ಚಾನೆಲ್ ಬಿಡಿಯಾಗಿ ತಗೊಂಡರೆ 76 ರೂ. ಅದೇ ನಾಲ್ಕನ್ನು ಪ್ಯಾಕ್ ಮಾಡಿ ಪೂರ್ತಿ ರಿಯಾಯಿತಿ ಕೊಟ್ಟರೆ 41 ರೂ. 80 ಪೈಸೆ. ನಿಮಗೆ ಬೇಕಾದದ್ದು ಮೂರೇ ಆದರೂ ಬಿಡಿಯಾಗಿ 57 ಆಗುತ್ತದೆ! ಹೀಗಾಗಿ ಬೇಡದ ನಾಲ್ಕನೆಯದನ್ನೂ ಹೊತ್ತುಕೊಂಡು ಪ್ಯಾಕ್ ತಗೊಳ್ಳೋದೇ ಅಗ್ಗ. ನೋಡದ ಚಾನೆಲ್‌ಗಳು ನಮ್ಮ ಮನೆ ಸೇರಿದ್ದು ಈ ದಾರಿಯಿಂದ. ಎರಡೇ ಸಾಕು ಅನ್ನುವವರಿಗೆ ಮಾತ್ರ ಬಿಡಿ ಲಾಭ.

ಒಂದು ಬಿಲ್ ಕಟ್ಟಿ ನೋಡೋಣ. ಎನ್‌ಸಿಎಫ್ 130, ಒಂದು ಪ್ಯಾಕ್ 80, ಬಿಡಿ ಚಾನೆಲ್ ಒಂದು 19. ಒಟ್ಟು 229. ಜಿಎಸ್‌ಟಿ 41 ರೂ. 22 ಪೈಸೆ. ಕೊಡಬೇಕಾದದ್ದು 270 ರೂ. 22 ಪೈಸೆ. ಇದರಲ್ಲಿ ಓಣಿಯ ಆಪರೇಟರ್‌ಗೆ ಉಳಿಯೋದೆಷ್ಟು? ಅವನಿಗೂ ಕಂಪನಿಗೂ ಬೇರೆ ಒಪ್ಪಂದ ಇಲ್ಲದಿದ್ದರೆ ಎನ್‌ಸಿಎಫ್‌ನಲ್ಲಿ ಶೇ 45 ಅವನದು, 55 ಕಂಪನಿಯದು. ಅಂದರೆ 130ರಲ್ಲಿ 58 ರೂಪಾಯಿ 50 ಪೈಸೆ. ಚಾನೆಲ್ ದುಡ್ಡಿನಲ್ಲಿ ದೊಡ್ಡ ಪಾಲು ಮೇಲಕ್ಕೆ ಹೋಗುತ್ತದೆ. ವೈರ್, ಹುಡುಗನ ಪಗಾರ, ಗಾಡಿಯ ಪೆಟ್ರೋಲ್ ಎಲ್ಲ ಉಳಿದದ್ದರಲ್ಲೇ. ಒಬ್ಬನೇ ಹುಡುಗ ಐದಾರು ಓಣಿ ಸುತ್ತೋದು ಯಾಕೆ ಅನ್ನೋದಕ್ಕೆ ಇಲ್ಲೇ ಉತ್ತರ ಇದೆ.

ಇನ್ನೊಂದು ಸಣ್ಣ ಲೆಕ್ಕ. ರೀಚಾರ್ಜ್ 30 ದಿನದ್ದಾದರೆ, 31 ದಿನದ ತಿಂಗಳು ಬಂದಾಗೆಲ್ಲ ತಾರೀಕು ಒಂದು ದಿನ ಹಿಂದಕ್ಕೆ ಸರಿಯುತ್ತದೆ. “ಪ್ರತಿ ತಿಂಗಳು 5ಕ್ಕೆ ಕೊಡ್ತೀನಿ, ಆದ್ರೂ 3ಕ್ಕೇ ಬಂದ್ ಆಗೈತಿ” ಎಂಬ ಜಗಳ ಎಷ್ಟೋ ಸಲ ಇಲ್ಲಿಂದ ಹುಟ್ಟುತ್ತದೆ. ನೀವು ಕೈಗೆ ಕೊಟ್ಟ ದಿನ ಒಂದು, ಅವನು ಮೊಬೈಲ್‌ನಲ್ಲಿ ನಿಮ್ಮ ಬಾಕ್ಸ್ ನಂಬರ್ ಹಾಕಿ ರೀಚಾರ್ಜ್ ಒತ್ತಿದ ದಿನ ಇನ್ನೊಂದು. ಕಂಪನಿಗೆ ಕಾಣೋದು ಎರಡನೆಯದು ಮಾತ್ರ.

ಹೋದದ್ದು ಎಲ್ಲಿಂದ ಅಂತ ಪತ್ತೆ ಹಚ್ಚೋದು

ಫೋನ್ ಮಾಡುವ ಮೊದಲು ಪಕ್ಕದ ಮನೆಯವರನ್ನು ಕೇಳಿ. ಅವರದೂ ಅದೇ ಕೇಬಲ್ ಆಗಿದ್ದು, ಅವರಿಗೆ ಟಿವಿ ಬರುತ್ತಿದ್ದರೆ ದೋಷ ನಿಮ್ಮ ಮನೆಯ ವೈರ್, ಕನೆಕ್ಟರ್ ಅಥವಾ ಬಾಕ್ಸ್‌ನಲ್ಲಿದೆ. ಬಾಕ್ಸ್ ಹಿಂದೆ ತಿರುವಿ ಕೂಡಿಸಿದ ಲೋಹದ ಕನೆಕ್ಟರ್ ಇರುತ್ತದಲ್ಲ, ಅದನ್ನು ಬಿಚ್ಚಿ ನೋಡಿ. ನಡುವಿನ ಎಳೆ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಗಿಡ್ಡಾಗಿದ್ದರೆ ಸಿಗ್ನಲ್ ಅರ್ಧ ಅಲ್ಲೇ ಸಾಯುತ್ತದೆ. ಹುಡುಗ ಬಂದು ಮಾಡೋದೂ ಅಷ್ಟೇ: ವೈರಿನ ತುದಿ ಒಂದಿಂಚು ಕತ್ತರಿಸಿ, ಮೇಲಿನ ಕರಿ ಸಿಪ್ಪೆ ಸುಲಿದು, ಹೊಸ ಕನೆಕ್ಟರ್ ಒತ್ತುತ್ತಾನೆ. ಎರಡು ನಿಮಿಷದ ಕೆಲಸ, ಅದಕ್ಕೆ ಎರಡು ದಿನದ ಕಾಯುವಿಕೆ.

ಎರಡು ಟಿವಿಗೆ ಒಂದೇ ವೈರಿನಿಂದ ಸ್ಪ್ಲಿಟರ್ ಹಾಕಿಸಿದ್ದರೆ ಅದನ್ನೂ ನೆನಪಿಸಿಕೊಳ್ಳಿ. ಅದು ಬೈ ಟು ಚಹಾ ಇದ್ದ ಹಾಗೆ. ಕಪ್ ಎರಡಾದವು ಅಂತ ಚಹಾ ಜಾಸ್ತಿ ಆಗೋದಿಲ್ಲ, ಸಿಗ್ನಲ್ ಅರ್ಧರ್ಧ ಹಂಚಿಹೋಗುತ್ತದೆ. ಹಳೇ ಕಾಲದ ಟಿವಿಯಾದರೆ ಸಿಗ್ನಲ್ ಕಡಿಮೆಯಾದಂತೆ ಚಿತ್ರ ಮಂಕಾಗುತ್ತಿತ್ತು. ಡಿಜಿಟಲ್‌ನಲ್ಲಿ ಆ ನಡುವಿನ ದಾರಿ ಇಲ್ಲ. ಕೈಬರಹದ ಪತ್ರದಲ್ಲಿ ನಾಲ್ಕು ಅಕ್ಷರ ಅಳಿಸಿದರೂ ಓದಬಹುದು, ಫೋನ್ ನಂಬರ್‌ನಲ್ಲಿ ಒಂದು ಅಂಕಿ ಅಳಿಸಿದರೂ ಫೋನ್ ಹೋಗೋದಿಲ್ಲ. ಅದಕ್ಕೇ ಒಂದು ಕ್ಷಣ ಕನ್ನಡಿಯಂಥ ಚಿತ್ರ, ಮರುಕ್ಷಣ ಚೌಕ ಚೌಕ. ಚೌಕ ಕಂಡರೆ ಸಿಗ್ನಲ್ ಸೊರಗಿದೆ ಅಂತ ಅರ್ಥ, ಬಿಲ್ ಬಾಕಿ ಅಂತ ಅಲ್ಲ.

ಇಡೀ ಓಣಿಗೆ ಹೋಗಿದ್ದರೆ ಕಂಬ ನೋಡಿ. ಮಂಗ್ಯಾಗಳು ಜೋತಾಡಿ ವೈರ್ ಹರಿಯುವುದು ಧಾರವಾಡದವರಿಗೆ ಹೊಸದಲ್ಲ. ರಸ್ತೆ ಅಗೆದಾಗ ಫೈಬರ್ ಕಡಿದುಹೋಗುತ್ತದೆ. ಲೈನಿನ ನಡುನಡುವೆ ಆಂಪ್ಲಿಫೈಯರ್ ಎಂಬ ಡಬ್ಬಿಗಳೂ ಇರುತ್ತವೆ. ದೂರ ಬಂದು ಸುಸ್ತಾದ ಸಿಗ್ನಲ್‌ಗೆ ಬಲ ಕೊಡೋದು ಅವುಗಳ ಕೆಲಸ. ಅವಕ್ಕೆ ಕರೆಂಟ್ ಬೇಕು, ಎಷ್ಟೋ ಕಡೆ ಅದನ್ನು ಹತ್ತಿರದ ಯಾವುದಾದರೂ ಮನೆಯಿಂದ ತಗೊಂಡಿರುತ್ತಾರೆ.

ನಮ್ಮ ಓಣಿಯಲ್ಲಿ ಆದದ್ದು ಇದೇ. ಮರುದಿನ ಮಧ್ಯಾಹ್ನ ಹುಡುಗ ಏಣಿ ತಂದು ಕಂಬ ಹತ್ತಿದ. ಡಬ್ಬಿಯ ಕೆಂಪು ದೀಪ ಆರಿತ್ತು. ಅದರ ವೈರ್ ಹಿಡಿದುಕೊಂಡು ಹೋದರೆ ನಾಲ್ಕನೇ ಮನೆಯ ಗೋಡೆಯೊಳಗೆ ಸೇರಿತ್ತು. ಆ ಮನೆಯವರು ಬನದ ಹುಣ್ಣಿಮೆ ಅಂತ ಹಿಂದಿನ ಸಂಜೆ ಮೇನ್ ಸ್ವಿಚ್ ಇಳಿಸಿ, ಕೀಲಿ ಹಾಕಿ, ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು. ಅಂದರೆ ಆ ‘ಮ್ಯಾಲೆ’ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿತ್ತು. ಹುಡುಗ ನಕ್ಕ, ನನಗೆ ನಗು ಬರಲಿಲ್ಲ.

ಕೆಲವೇ ಚಾನೆಲ್ ಹೋಗಿ, ‘ನೀವು ಈ ಚಾನೆಲ್ ಪಡೆದಿಲ್ಲ’ ಅಂತ ಬಂದರೆ ವೈರ್ ಸರಿ ಇದೆ, ಕೀಲಿ ಬಂದಿಲ್ಲ. ಪ್ಯಾಕ್ ಬದಲಾಗಿರಬಹುದು, ರೀಚಾರ್ಜ್ ಮುಗಿದಿರಬಹುದು. ಊರಿಗೆ ಹೋಗಿ ಎಂಟು ದಿನ ಬಾಕ್ಸ್ ಬಂದ್ ಇಟ್ಟಿದ್ದರೆ ಕೀಲಿ ಬಂದಾಗ ತಗೊಳ್ಳಲು ಬಾಕ್ಸ್ ಎಚ್ಚರ ಇರಲಿಲ್ಲ ಅಂತಲೂ ಆಗಬಹುದು. ಬಾಕ್ಸ್ ಚಾಲೂ ಇಟ್ಟು ‘ರಿಫ್ರೆಶ್ ಹೊಡೀರಿ’ ಅಂದರೆ ಕಂಪನಿಯವರು ಮತ್ತೆ ಕಳಿಸುತ್ತಾರೆ.

ಒಂದೇ ಸಂಸ್ಥೆಯ ಎಲ್ಲಾ ಚಾನೆಲ್ ಒಟ್ಟಿಗೆ ಮಾಯವಾದರೆ ಅದು ದೊಡ್ಡವರ ಜಗಳ. 2023ರ ಫೆಬ್ರುವರಿಯಲ್ಲಿ ಹಾಗಾಗಿತ್ತು. ಹೊಸ ದರದ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ಪ್ರಸಾರ ಸಂಸ್ಥೆಗಳು ಕೆಲವು ದಿನ ಸಿಗ್ನಲ್ ನಿಲ್ಲಿಸಿದ್ದವು. ಆಗ ಓಣಿಯ ಹುಡುಗನನ್ನು ಬೈದು ಏನೂ ಉಪಯೋಗವಿಲ್ಲ.

ಕಸ್ಟಮರ್ ಕೇರ್‌ನವರಿಗೆ ಕಾಣೋದೇನು

ಫೋನ್ ಎತ್ತುವವರ ಮುಂದೆ ನಮ್ಮ ಓಣಿ ಇರೋದಿಲ್ಲ. ಬಾಕ್ಸ್ ನಂಬರ್, ಪ್ಯಾಕ್, ರೀಚಾರ್ಜ್ ತಾರೀಕು ಇರುವ ಒಂದು ಪರದೆ ಇರುತ್ತದೆ. ‘ಆ್ಯಕ್ಟಿವ್’ ಅಂದರೆ ನಿಮ್ಮ ಬಾಕ್ಸ್ ನಂಬರಿಗೆ ಕೀಲಿ ಕಳಿಸಿದ್ದೇವೆ ಅಂತ ಅಷ್ಟೇ. ಅದು ತಲುಪಿತೋ ಇಲ್ಲವೋ, ಕಂಬದ ಮೇಲಿನ ದೀಪ ಉರಿಯುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯೋದಿಲ್ಲ. ಹಾಗಾಗಿ ಅವರು ಹೇಳಿದ್ದು ಸುಳ್ಳಲ್ಲ, ನಮಗೆ ಉಪಯೋಗಕ್ಕೆ ಬರೋದೂ ಇಲ್ಲ. ಬಿಲ್, ಪ್ಯಾಕ್, ಕೀಲಿ ವಿಷಯಕ್ಕೆ ಇವರನ್ನು ಹಿಡಿಯಿರಿ. ವೈರ್, ಕಂಬದ ವಿಷಯಕ್ಕೆ ಆಪರೇಟರ್. ಆದರೂ ದೂರು ಮಾತ್ರ ಇಲ್ಲೇ ದಾಖಲಾಗಲಿ. ಕಾರಣ ಮುಂದಿದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬಾಕ್ಸ್ ಯಾರ ಹೆಸರಲ್ಲಿದೆ ಅಂತ ಕೇಳಿ ನೋಡಿ. ನಾನು ಕೇಳಿದಾಗ ನಮಗಿಂತ ಮೊದಲು ಈ ಮನೆಯಲ್ಲಿ ಬಾಡಿಗೆಗಿದ್ದವರ ಹೆಸರು ಬಂತು, ಮೊಬೈಲ್ ನಂಬರ್ ಕೇಬಲ್‌ನವನದೇ! ಕಂಪನಿ ಕಳಿಸಿದ ಸಂದೇಶಗಳೆಲ್ಲ ಅವನಿಗೇ ಹೋಗುತ್ತಿದ್ದವು. ಅಂದರೆ ಕಂಪನಿಯ ಲೆಕ್ಕದಲ್ಲಿ ನಾವು ಗ್ರಾಹಕರೇ ಅಲ್ಲ. ಹೆಸರು, ಮೊಬೈಲ್ ಎರಡನ್ನೂ ಬದಲಾಯಿಸಿಕೊಳ್ಳಿ.

ದೂರು ಕೊಡುವ ದಾರಿ

ಟ್ರಾಯ್ 2017ರಲ್ಲಿ ಸೇವೆಯ ಗುಣಮಟ್ಟಕ್ಕೆ ನಿಯಮ ಮಾಡಿದೆ. ಅದರ ಪ್ರಕಾರ ಕಂಪನಿಗೆ ಉಚಿತ ಸಹಾಯವಾಣಿ ಇರಬೇಕು, ಪ್ರತಿ ದೂರಿಗೂ ಒಂದು ಡಾಕೆಟ್ ನಂಬರ್ ಕೊಡಬೇಕು. ಸಿಗ್ನಲ್ಲೇ ಇಲ್ಲ ಎಂಬ ದೂರಿಗೆ 24 ತಾಸು, ಉಳಿದ ದೂರುಗಳಿಗೆ ಮೂರು ದಿನ, ಬಿಲ್ ದೂರಿಗೆ ಏಳು ದಿನ. ದುಡ್ಡು ವಾಪಸ್ ಬರಬೇಕಿದ್ದರೆ 30 ದಿನ. ಈ ಗಡಿಯಾರ ಶುರುವಾಗೋದು ದೂರು ದಾಖಲಾದ ಮೇಲೆ. ಹುಡುಗನಿಗೆ ಹತ್ತು ಸಲ ಫೋನ್ ಮಾಡಿದ್ದಕ್ಕೆ ಲೆಕ್ಕವಿಲ್ಲ, ಒಂದು ಡಾಕೆಟ್ ನಂಬರ್‌ಗೆ ಲೆಕ್ಕವಿದೆ.

ಫೋನ್ ಮಾಡುವಾಗ ಬಾಕ್ಸ್ ಅಡಿಯ ಚೀಟಿಯಲ್ಲಿರುವ ನಂಬರ್ ಎದುರಿಗಿರಲಿ. “ಟಿವಿ ಬರ್ತಿಲ್ಲ” ಅನ್ನೋದಕ್ಕಿಂತ “ನಿನ್ನೆ ಸಂಜೆ ಏಳೂವರೆಯಿಂದ ಎಲ್ಲಾ ಚಾನೆಲ್ ಹೋಗಿವೆ, ಪಕ್ಕದ ಮನೆಗೂ ಇಲ್ಲ” ಅಂದರೆ ಕೆಲಸ ಬೇಗ ಆಗುತ್ತದೆ. ಕೊನೆಗೆ ಡಾಕೆಟ್ ನಂಬರ್ ಕೇಳಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಹೇಳಿದ ದಿನದೊಳಗೆ ಆಗದಿದ್ದರೆ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಬಹುದು. ಅವರ ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ಇರಬೇಕು.

ಟ್ರಾಯ್‌ಗೇ ದೂರು ಕೊಟ್ಟರೆ ಹೇಗೆ? ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬರ ಮನೆಯ ದೂರು ಬಗೆಹರಿಸೋದಿಲ್ಲ. ಅದಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನಮಗೆ ಧಾರವಾಡದಲ್ಲಿದೆ, ಗದಗ-ಹಾವೇರಿಯವರಿಗೆ ಅವರವರ ಜಿಲ್ಲೆಯಲ್ಲಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು. ಒಂದು ಸಂಜೆ ಧಾರಾವಾಹಿ ತಪ್ಪಿದ್ದಕ್ಕೆ ಅಲ್ಲಿ ತನಕ ಹೋಗೋದು ಅತಿಯಾಯಿತು. ಬಾಕ್ಸ್‌ಗೆ ಕೊಟ್ಟ ಠೇವಣಿ ವಾಪಸ್ ಕೊಡದೆ ತಿಂಗಳುಗಟ್ಟಲೆ ಸತಾಯಿಸಿದರೆ ಹೋಗಬಹುದು. ಆಗ ಬೇಕಾಗೋದು ರಸೀದಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಕೇಬಲ್ ಕಾರ್ಡಿನ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆದರೆ ತಿಂಗಳು ಮುಗಿಯಿತು. ಆ ಗೀಟಿನ ಬದಲು ಯುಪಿಐನಲ್ಲಿ ಕಟ್ಟಿ, ಇಲ್ಲವೇ ರಸೀದಿ ಕೇಳಿ. ರಸೀದಿ ಕೇಳೋದು ನಿಮ್ಮ ಹಕ್ಕು.

ಬಿಡೋದಾದರೆ

ಮೊಬೈಲ್ ಕಂಪನಿ ಬದಲಾಯಿಸಿದರೆ ಹ್ಯಾಂಡ್‌ಸೆಟ್ ಅದೇ ಇರುತ್ತದೆ. ಕೇಬಲ್ ಬಾಕ್ಸ್ ಹಾಗಲ್ಲ. ಒಂದು ಕಂಪನಿಯ ಬಾಕ್ಸ್‌ಗೆ ಇನ್ನೊಂದರ ಕೀಲಿ ಕೂಡೋದಿಲ್ಲ. ಯಾವ ಬಾಕ್ಸ್ ಆದರೂ ಎಲ್ಲಾ ಕಡೆ ನಡೆಯುವಂತಿರಲಿ ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತ್ತು, ಅದು ಇನ್ನೂ ನಮ್ಮ ಮನೆ ತನಕ ಬಂದಿಲ್ಲ. ಹಾಗಾಗಿ ಕಂಪನಿ ಬದಲಾದರೆ ಬಾಕ್ಸ್ ಖರ್ಚು ಮತ್ತೆ ಬೀಳುತ್ತದೆ. ಎಷ್ಟೋ ಓಣಿಗಳಲ್ಲಿ ಆಪರೇಟರೂ ಒಬ್ಬನೇ. ಡಿಟಿಎಚ್ ಹಾಕಿಸಿದರೆ ಓಣಿಯ ವೈರಿನ ಕಾಟ ತಪ್ಪುತ್ತದೆ, ಜೋರು ಮಳೆಯಲ್ಲಿ ಚಿತ್ರ ಹೋಗುವ ಕಾಟ ಶುರುವಾಗುತ್ತದೆ. ದೂರದರ್ಶನದ ಫ್ರೀ ಡಿಶ್‌ಗೆ ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ತಿಂಗಳ ಬಿಲ್ ಇಲ್ಲ. ಚಂದನ ಬರುತ್ತದೆ, ಅತ್ತೆಯವರ ಧಾರಾವಾಹಿ ಬರೋದಿಲ್ಲ. ನಮ್ಮ ಮನೆಯಲ್ಲಿ ಚರ್ಚೆ ಅಲ್ಲಿಗೇ ಮುಗಿಯಿತು.

ಕೇಬಲ್ ಬಿಡೋದೇ ಅಂತ ಠರಾಯಿಸಿದರೆ ಸುಮ್ನೆ ರೀಚಾರ್ಜ್ ನಿಲ್ಲಿಸಿ ಕೂರಬೇಡಿ. ಬಾಕ್ಸ್ ಕೊಂಡದ್ದೋ, ಬಾಡಿಗೆಯದ್ದೋ, ಠೇವಣಿ ಕೊಟ್ಟದ್ದೋ ಅಂತ ಮೊದಲು ತಿಳಿದುಕೊಳ್ಳಿ. ಕಂಪನಿಯ ಬಾಕ್ಸ್ ಆದರೆ ಅಡಾಪ್ಟರ್, ರಿಮೋಟ್ ಸಮೇತ ವಾಪಸ್ ಕೊಡಿ. ಕೊಟ್ಟದ್ದಕ್ಕೆ ಬಾಕ್ಸ್ ನಂಬರ್ ಬರೆದ ಚೀಟಿ ತಗೊಳ್ಳಿ. ಓಣಿಯ ಹುಡುಗ “ಯಾಕ್ರೀ ಅಕ್ಕಾರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?” ಅನ್ನುತ್ತಾನೆ. ನಗುತ್ತಲೇ ಪೆನ್ ಕೊಡಿ.